ನರ ಬ್ಲಾಕ್ ಆಗಿದೆಯಾ, ರಕ್ತ ಓಡ್ತಿಲ್ವಾ? ಮೊದಲು ಯಾವ ಬೆರಳು ಅಂತ ನೋಡಿ

ಓದುಗರ ಪ್ರಶ್ನೆ: ನನಗೆ 46 ವರ್ಷ. ಬಾಗಲಕೋಟೆ ಕಡೆಯವಳು. ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತೇನೆ. ದಿನಕ್ಕೆ 150ರಿಂದ 200 ರೊಟ್ಟಿ ಬಡಿಯುತ್ತೇನೆ. ಆರು ತಿಂಗಳಿಂದ ರಾತ್ರಿ ಎರಡು ಮೂರು ಗಂಟೆಗೆ ಬಲಗೈ ಜೋಮು ಹಿಡಿದು ಎಚ್ಚರ ಆಗುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಸೂಜಿ ಚುಚ್ಚಿದ ಹಾಗೆ ಆಗುತ್ತವೆ. ಎದ್ದು ಕೂತು "ಕೈ ಝಾಡ್ಸಿದ್ರ ಆರಾಮ ಅನಸ್ತೈತಿ". ಈಗ ಎಡಗೈಗೂ ಸ್ವಲ್ಪ ಶುರುವಾಗಿದೆ. ಕೆಲವೊಮ್ಮೆ ಹಿಟ್ಟಿನ ಬೋಗುಣಿ ಕೈ ಜಾರಿ ಬೀಳುತ್ತದೆ. ಮುಂಗೈ ಮೇಲೆ ನರಗಳು ಹಸಿರಾಗಿ ಉಬ್ಬಿ ಕಾಣುತ್ತವೆ. ನರ ಬ್ಲಾಕ್ ಆಗಿ ರಕ್ತ ಓಡಾಡ್ತಿಲ್ಲ ಅಂತ ಒಬ್ಬರು, ಹಾರ್ಟಿನ ತೊಂದರೆ ಅಂತ ಇನ್ನೊಬ್ಬರು, ಲಕ್ವದ ಮುನ್ಸೂಚನೆ ಅಂತ ಮತ್ತೊಬ್ಬರು ಹೇಳುತ್ತಾರೆ. ನರದ ಮಾತ್ರೆ, ಹತ್ತು ಇಂಜೆಕ್ಷನ್ ಆಯಿತು, ಕಡಿಮೆ ಆಗಲಿಲ್ಲ. ಕೈಗೆ ಕರೆಂಟ್ ಕೊಟ್ಟು ಮಾಡುವ ಪರೀಕ್ಷೆಯಲ್ಲಿ ಬಲಗೈಗೆ 'ಮಾಡರೇಟ್' (ಮಧ್ಯಮ ಮಟ್ಟ) ಅಂತ ಬಂತು. ಡಾಕ್ಟರು ಮಣಿಕಟ್ಟಿಗೆ ಆಪರೇಶನ್ ಹೇಳಿದ್ದಾರೆ. ನರಕ್ಕೆ ಕತ್ತಿ ಹಾಕಿದರೆ ಕೈ ಬಿದ್ದೇ ಹೋಗುತ್ತದಂತೆ, ನಿಜವೇ? ಎರಡು ವರ್ಷದ ಹಿಂದೆ ಥೈರಾಯ್ಡ್ ಮಾತ್ರೆ ಕೊಟ್ಟಿದ್ದರು, ನಡುವೆ ಬಿಟ್ಟಿದ್ದೇನೆ. ಮತ್ತೆ ರೊಟ್ಟಿ ಬಡಿಯೋಕೆ ಆಗುತ್ತದೆಯೇ?

ಉತ್ತರ: ನಮಸ್ಕಾರ ತಾಯಿ. ನಿಮ್ಮ ಪತ್ರ ಓದಿದಾಗ ಒಂದು ವಿಷಯಕ್ಕೆ ಖುಷಿಯಾಯಿತು. ಯಾವ್ಯಾವ ಬೆರಳು ಅಂತ ಹೆಸರು ಹಿಡಿದು ಬರೆದಿದ್ದೀರಿ. "ಕೈ ಪೂರ್ತಿ ಜೋಮು ಡಾಕ್ಟ್ರೇ" ಅಂತಲೇ ಹೆಚ್ಚಿನವರು ಹೇಳುವುದು. ಮುಂದೆ ಕೂರಿಸಿಕೊಂಡು ಒಂದೊಂದೇ ಬೆರಳು ಮುಟ್ಟಿ ಕೇಳಿದಾಗ, "ಇಲ್ಲ, ಕಿರುಬೆರಳು ಸರಿ ಇದೆ" ಅನ್ನುತ್ತಾರೆ. ಆ ಒಂದು ಮಾತಿನಲ್ಲಿ ಅರ್ಧ ರೋಗ ಪತ್ತೆಯಾಗುತ್ತದೆ.

ನಿಮ್ಮ ಭಯಕ್ಕೆಲ್ಲ ಮೂಲ ಒಂದು ಪದ. 'ನರ' ಅನ್ನುವ ಪದ. ನಮ್ಮ ಮಾತಿನಲ್ಲಿ ಮುಂಗೈ ಮೇಲೆ ಹಸಿರಾಗಿ ಉಬ್ಬೋದೂ ನರ, ಗ್ಲೂಕೋಸ್ ಹಾಕುವಾಗ ಸೂಜಿ ಚುಚ್ಚೋದೂ ನರ, ಮಣಿಕಟ್ಟು ಮಡಚಿದಾಗ ಹಗ್ಗದ ಹಾಗೆ ಎದ್ದು ಕಾಣೋದೂ ನರ, ಜೋಮು ಹಿಡಿಯೋದೂ ನರವೇ. ಆದರೆ ಇವು ಒಂದೇ ಅಲ್ಲ. ಹಸಿರಾಗಿ ಕಾಣುವುದು ರಕ್ತನಾಳ, ಕೈಯಿಂದ ಹೃದಯಕ್ಕೆ ರಕ್ತವನ್ನು ವಾಪಸ್ ಒಯ್ಯುವಂಥದ್ದು. ಹಗ್ಗದ ಹಾಗೆ ಏಳುವುದು ಸ್ನಾಯುವಿನ ಹುರಿ, ಅದು ಮಣಿಕಟ್ಟನ್ನೋ ಬೆರಳನ್ನೋ ಎಳೆಯುತ್ತದೆ. ಮುಟ್ಟಿದ್ದನ್ನು ಮಿದುಳಿಗೆ ತಿಳಿಸುವ, ಮಿದುಳಿನ ಅಪ್ಪಣೆಯನ್ನು ಕೈಗೆ ತರುವ ನಿಜವಾದ ನರ ಒಳಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅದು ಬಿಳಿ ಹುರಿ, ರಕ್ತನಾಳದ ಹಾಗೆ ಟೊಳ್ಳು ಕೊಳವೆಯಲ್ಲ. ಹಾಗಾಗಿ ಹಾರ್ಟಿನ ರಕ್ತನಾಳ ಬ್ಲಾಕ್ ಆಗುವ ಹಾಗೆ ನರ 'ಬ್ಲಾಕ್' ಆಗುವುದಿಲ್ಲ. ನರ ಒತ್ತಿಸಿಕೊಳ್ಳುತ್ತದೆ, ಊದುತ್ತದೆ, ಸವೆಯುತ್ತದೆ.

ಮುಂಗೈ ಮೇಲೆ ಉಬ್ಬಿದ್ದರ ಬಗ್ಗೆ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಅದು ಸುಮ್ನೆ ಹೆದರಿಸುತ್ತಿದೆ. ಚರ್ಮ ತೆಳುವಾದಂತೆ, ಕೈಗೆ ಕೆಲಸ ಜಾಸ್ತಿಯಾದಂತೆ, ಬಿಸಿಯ ಹತ್ತಿರ ಕೂತಂತೆ ಆ ರಕ್ತನಾಳಗಳು ತುಂಬಿ ಕಾಣುತ್ತವೆ. ಹಂಚಿನ ಮುಂದೆ ಗಂಟೆಗಟ್ಟಲೆ ಕೂರುವವರಿಗೆ ಇದು ಸಹಜ. ಬೇಕಾದರೆ ಪರೀಕ್ಷೆ ಮಾಡಿ. ಕೈ ಕೆಳಗೆ ಇಳಿಬಿಡಿ. ಉಬ್ಬಿದ ಒಂದು ನಾಳದ ಮೇಲೆ ಬೆರಳಿಟ್ಟು ಒತ್ತಿ ಹಿಡಿಯಿರಿ. ಇನ್ನೊಂದು ಬೆರಳಿನಿಂದ ಅಲ್ಲಿಂದ ಮೊಣಕೈ ಕಡೆಗೆ ಅದರೊಳಗಿನ ರಕ್ತವನ್ನು ಸವರಿ ಬಿಡಿ. ನಾಳ ಅಷ್ಟು ದೂರ ಖಾಲಿಯಾಗಿ ಚಪ್ಪಟೆಯಾಗುತ್ತದೆ. ಮೇಲಿನ ರಕ್ತ ಕೆಳಗೆ ಇಳಿಯುವುದಿಲ್ಲ, ಒಳಗಿರುವ ಕವಾಟ ತಡೆಯುತ್ತದೆ. ಒತ್ತಿದ ಬೆರಳು ತೆಗೆದ ಕೂಡಲೇ ಕೆಳಗಿನಿಂದ ಸರ್ರನೆ ತುಂಬಿಕೊಳ್ಳುತ್ತದೆ. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ, ರಕ್ತ ದೇಹದಲ್ಲಿ ಸುತ್ತುತ್ತದೆ ಅಂತ ತೋರಿಸಲು ಬಳಸಿದ್ದು ಇದೇ ಪ್ರಯೋಗ, ಇದೇ ಮುಂಗೈ. ನಿಮ್ಮ ಕೈಯಲ್ಲೂ ಅದು ಹೀಗೆ ತುಂಬಿದರೆ ರಕ್ತ ಚೆನ್ನಾಗಿ ವಾಪಸ್ ಹೋಗುತ್ತಿದೆ ಎಂದೇ ಅರ್ಥ.

ಇನ್ನು ಕೈಗೆ ರಕ್ತ ಬರುವ ದಾರಿ. ಕಂಕುಳಿನಿಂದ ರಟ್ಟೆಯ ಒಳಬದಿಯಲ್ಲಿ ಒಂದು ದೊಡ್ಡ ನಾಳ ಇಳಿಯುತ್ತದೆ. ಬಿಪಿ ನೋಡುವಾಗ ಪಟ್ಟಿ ಬಿಗಿಯುವುದು ಅದನ್ನೇ ಒತ್ತಲು. ಮೊಣಕೈ ದಾಟಿದ ಮೇಲೆ ಅದು ಎರಡಾಗಿ ಒಡೆಯುತ್ತದೆ. ಒಂದು ಹೆಬ್ಬೆರಳಿನ ಕಡೆ, ಡಾಕ್ಟರು ನಾಡಿ ಹಿಡಿಯುವುದು ಅದರ ಮೇಲೆ. ಇನ್ನೊಂದು ಕಿರುಬೆರಳಿನ ಕಡೆ. ಎರಡೂ ಅಂಗೈಯಲ್ಲಿ ಬಿಲ್ಲಿನ ಹಾಗೆ ಬಾಗಿ ಮತ್ತೆ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಹೀಗಾಗಿ ಒಂದು ದಾರಿ ಮುಚ್ಚಿದರೂ ಸಾಮಾನ್ಯವಾಗಿ ಇನ್ನೊಂದರಿಂದ ಬೆರಳಿಗೆ ರಕ್ತ ಸಿಗುತ್ತದೆ. ಈ ಧೈರ್ಯದ ಮೇಲೆಯೇ ಇವತ್ತು ಮಣಿಕಟ್ಟಿನ ನಾಳದ ಮೂಲಕ ಆಂಜಿಯೋಗ್ರಾಮ್ ಮಾಡುವುದು.

ರಕ್ತ ಬರುವುದು ನಿಜವಾಗಿ ನಿಂತರೆ ಕೈ ಹೇಗಿರುತ್ತದೆ ಗೊತ್ತಾ? ತಣ್ಣಗಾಗುತ್ತದೆ. ಬಿಳಿಚಿಕೊಳ್ಳುತ್ತದೆ ಅಥವಾ ನೀಲಿಯಾಗುತ್ತದೆ. ನಾಡಿ ಸಿಗುವುದಿಲ್ಲ. ವಿಪರೀತ ನೋವಿರುತ್ತದೆ, ಝಾಡಿಸಿದರೆ ಹೋಗುವುದಿಲ್ಲ. ಹೀಗೆ ಥಟ್ಟನೆ ಆದರೆ ಅದು ಗಂಟೆಗಳ ಲೆಕ್ಕದ ತುರ್ತು, ಬೆಳಗಾಗಲಿ ಅಂತ ಕಾಯಬಾರದು. ಕೆಲಸ ಮಾಡುವಾಗ ಮಾತ್ರ ಕೈ ಸೋತು ನೋಯುವುದು, ಎರಡು ಕೈಯ ಬಿಪಿಯಲ್ಲಿ ದೊಡ್ಡ ವ್ಯತ್ಯಾಸ ಇರುವುದು, ಇದೂ ರಕ್ತನಾಳದ ತೊಂದರೆಯ ಗುರುತು. ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳಲ್ಲಿ ನಾಳದ ಗೋಡೆ ಊದಿಕೊಂಡು ಹೀಗಾಗುವುದನ್ನು ನಾವು ನೋಡುತ್ತೇವೆ. ನೀವು ಬರೆದದ್ದರಲ್ಲಿ ಇದ್ಯಾವುದೂ ಇಲ್ಲ.

ಹಾರ್ಟಿನ ನೋವು ಬೆರಳು ಲೆಕ್ಕ ಹಾಕಿ ಬರುವುದಿಲ್ಲ. ಎದೆ ಬಿಗಿಯುತ್ತದೆ, ಭುಜ, ರಟ್ಟೆ, ದವಡೆ ಜಗ್ಗುತ್ತವೆ, ಬೆವರುತ್ತದೆ, ಹತ್ತಿ ಇಳಿದರೆ ಜಾಸ್ತಿಯಾಗುತ್ತದೆ. ಲಕ್ವ ಥಟ್ಟನೆ ಬರುತ್ತದೆ. ಬಾಯಿ ಸೊಟ್ಟ, ಮಾತು ತೊದಲು, ಒಂದು ಬದಿಯ ಕೈಕಾಲು ಬಲ ಕಳೆದುಕೊಳ್ಳುತ್ತವೆ. ಇವು ಕಂಡರೆ 108ಕ್ಕೆ ಫೋನ್ ಮಾಡಿ, ಪತ್ರ ಬರೆಯುತ್ತಾ ಕೂರಬೇಡಿ. ಆರು ತಿಂಗಳಿಂದ ಅದೇ ಮೂರು ಬೆರಳು, ಅದೇ ಹೊತ್ತು, ಝಾಡಿಸಿದರೆ ಆರಾಮ. ಇದು ಹಾರ್ಟೂ ಅಲ್ಲ, ಲಕ್ವವೂ ಅಲ್ಲ.

ಹಾಗಾದರೆ ಏನು? ಕುತ್ತಿಗೆಯ ಮೂಳೆಗಳ ನಡುವಿನಿಂದ ಐದು ನರದ ಬೇರುಗಳು ಹೊರಬಂದು, ಕಾಲರ್ ಮೂಳೆಯ ಹಿಂದೆ ಹೆಣೆದುಕೊಂಡು, ಕಂಕುಳಿನ ಮೂಲಕ ಕೈಗೆ ಇಳಿಯುತ್ತವೆ. ಅದರಲ್ಲಿ ಹಸ್ತದವರೆಗೆ ಬರುವ ಮುಖ್ಯ ನರಗಳು ಮೂರು. ಕಿರುಬೆರಳು ಮತ್ತು ಉಂಗುರದ ಬೆರಳಿನ ಅರ್ಧ ಅಲ್ನಾರ್ ನರದ್ದು. ಮೊಣಕೈ ಗೋಡೆಗೆ ತಾಗಿದಾಗ ಕರೆಂಟ್ ಹೊಡೆದ ಹಾಗೆ ಆಗುತ್ತಲ್ವಾ, ಅದು ಈ ನರ. ಮೊಣಕೈ ಹಿಂದೆ ಚರ್ಮದ ಕೆಳಗೇ ಹಾದು ಹೋಗುತ್ತದೆ. ರೇಡಿಯಲ್ ನರ ರಟ್ಟೆಯ ಮೂಳೆಯನ್ನು ಸುತ್ತಿಕೊಂಡು ಬರುತ್ತದೆ. ಬಸ್ಸಿನಲ್ಲಿ ಸೀಟಿನ ಕಂಬಿಯ ಮೇಲೆ ರಟ್ಟೆ ಚಾಚಿ ರಾತ್ರಿಯಿಡೀ ಮಲಗಿದವರಿಗೆ ಬೆಳಗ್ಗೆ ಮಣಿಕಟ್ಟು ಮೇಲೆತ್ತಲು ಆಗದೆ ಜೋತು ಬೀಳುತ್ತದೆ, ಅದು ಈ ನರ ಒತ್ತಿದ್ದಕ್ಕೆ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರದ ಬೆರಳಿನ ಇನ್ನರ್ಧ ಮೀಡಿಯನ್ ನರದ್ದು. ನೀವು ಹೆಸರಿಸಿದ ಬೆರಳುಗಳು ಸರಿಯಾಗಿ ಅದರ ಪಾಲಿನವು.

ಈ ಮೀಡಿಯನ್ ನರ ಅಂಗೈಗೆ ಬರುವ ಮುನ್ನ ಮಣಿಕಟ್ಟಿನಲ್ಲಿ ಒಂದು ಕಿರಿದಾದ ಸುರಂಗ ದಾಟಬೇಕು. ಅದನ್ನೇ ಕಾರ್ಪಲ್ ಟನಲ್ ಅನ್ನುವುದು. ಕೆಳಗೆ, ಎರಡೂ ಬದಿಗೆ ಮೂಳೆ. ಮೇಲೆ ದಪ್ಪನೆಯ ಗಟ್ಟಿ ಪಟ್ಟಿ. ಒಳಗೆ ಬೆರಳು ಮಡಚುವ 9 ಹುರಿಗಳು, ಅವುಗಳ ನಡುವೆ ಈ ಒಂದು ನರ. ಹುರಿಗಳ ಸುತ್ತಲ ಪೊರೆ ಸ್ವಲ್ಪ ಊದಿದರೂ ಜಾಗ ಹಿಗ್ಗುವುದಿಲ್ಲ. ಹುರಿ ಗಟ್ಟಿ, ತಡೆದುಕೊಳ್ಳುತ್ತದೆ. ನರ ಮೆತ್ತಗೆ, ಒತ್ತಿಸಿಕೊಳ್ಳುತ್ತದೆ. ನಿಮ್ಮ ತೊಂದರೆ ಇದೇ. ಆರೋಗ್ಯವಂತರಲ್ಲಿ ಈ ಸುರಂಗದ ಒತ್ತಡ, ಬಿಪಿ ಅಳೆಯುವ ಪಾದರಸದ ಲೆಕ್ಕದಲ್ಲಿ, 2-3 ಮಿಲಿಮೀಟರ್ ಆಸುಪಾಸು. ಈ ತೊಂದರೆ ಇರುವವರಲ್ಲಿ ಸುಮಾರು 30 ಮುಟ್ಟುತ್ತದೆ. ಮಣಿಕಟ್ಟು ಮಡಚಿದರೆ ಇನ್ನೂ ಏರುತ್ತದೆ. ನಾವು ನಿದ್ದೆಯಲ್ಲಿ ಕೈಯನ್ನು ಕೆನ್ನೆಯ ಕೆಳಗೋ ಎದೆಗೋ ಮಡಚಿಕೊಂಡೇ ಮಲಗುತ್ತೇವೆ. ಅದಕ್ಕೇ ರಾತ್ರಿ ಎರಡು ಗಂಟೆಗೆ ಎಚ್ಚರ ಆಗುವುದು.

ಇಲ್ಲಿ ಒಂದು ಮಾತು ನಿಮ್ಮ ಊರಿನವರ ಪರವಾಗಿ ಹೇಳಬೇಕು. ಕೈಗೆ ರಕ್ತ ತರುವ ಆ ಎರಡು ನಾಳಗಳೂ ಈ ಸುರಂಗದೊಳಗೆ ಹೋಗುವುದಿಲ್ಲ, ಹೊರಗಿನಿಂದಲೇ ಹಾಯುತ್ತವೆ. ಹಾಗಾಗಿ ಬೆರಳು ಬೆಚ್ಚಗೇ ಇರುತ್ತದೆ, ನಾಡಿ ಚೆನ್ನಾಗಿ ಸಿಗುತ್ತದೆ. ಆದರೆ ನರಕ್ಕೂ ಅನ್ನ ಬೇಕಲ್ಲ? ಅದರ ಮೈಮೇಲೆ ಕೂದಲಿಗಿಂತ ಸಣ್ಣ ರಕ್ತನಾಳಗಳಿವೆ. ಒತ್ತಡ ಏರಿದಾಗ ಮೊದಲು ಸೊರಗುವುದು ಅವೇ. ಕೈ ಝಾಡಿಸಿದಾಗ ಒತ್ತಡ ಇಳಿದು ಅವುಗಳಲ್ಲಿ ಮತ್ತೆ ರಕ್ತ ಓಡುತ್ತದೆ, ನಿಮಗೆ ಆರಾಮ ಅನ್ನಿಸುತ್ತದೆ. ರಕ್ತ ಓಡಾಡ್ತಿಲ್ಲ ಅಂದವರ ಮಾತು ಅಷ್ಟರ ಮಟ್ಟಿಗೆ ಸರಿ. ರಕ್ತ ಸಿಗದೆ ಇರುವುದು ಕೈಗಲ್ಲ, ನರಕ್ಕೆ.

ಯಾಕೆ ಬಂತು? ರೊಟ್ಟಿಯನ್ನೇ ಪೂರ್ತಿ ದೂರಲು ನಾನು ತಯಾರಿಲ್ಲ. ಹಿಟ್ಟನ್ನು ಬಲ ಹಾಕಿ ನಾದುವುದು, ಅಂಗೈಯ ಬುಡದಿಂದ ಒತ್ತುವುದು, ಸಾವಿರ ಸಲ ಬಡಿಯುವುದು ಸುರಂಗಕ್ಕೆ ಕಷ್ಟವೇ. ಆದರೆ ಇಷ್ಟು ವರ್ಷ ಮಾಡಿದ ಕೆಲಸ ಆರು ತಿಂಗಳಿಂದ ಯಾಕೆ ಕಾಡುತ್ತಿದೆ? ಗಂಡಸರಿಗಿಂತ ಹೆಂಗಸರಿಗೆ ಇದು ಹಲವು ಪಟ್ಟು ಜಾಸ್ತಿ. ಮುಟ್ಟು ನಿಲ್ಲುವ ವಯಸ್ಸು, ಬಸಿರು, ಸಕ್ಕರೆ ಕಾಯಿಲೆ, ಸಂಧಿವಾತ, ಮೈಭಾರ, ಇವೆಲ್ಲ ಕಾರಣ ಆಗಬಹುದು. ಥೈರಾಯ್ಡ್ ಕಡಿಮೆ ಇದ್ದರೂ ಹಾಗೆಯೇ, ಹುರಿಗಳ ಸುತ್ತ ಊತ ಬರುತ್ತದೆ. ನಿಮ್ಮ ಪತ್ರದ ಕೊನೆಯಲ್ಲಿ ಸುಮ್ಮನೆ ಸೇರಿಸಿದ ಆ ಒಂದು ಸಾಲು, ಮಾತ್ರೆ ನಡುವೆ ಬಿಟ್ಟಿದ್ದೇನೆ ಅನ್ನುವುದು, ನನ್ನ ಕಣ್ಣಿಗೆ ಅದೇ ಮೊದಲು ಬಿತ್ತು. ಎರಡೂ ಕೈಗೆ ಒಟ್ಟೊಟ್ಟಿಗೆ ಬರುತ್ತಿದೆ ಅಂದಾಗ ಮಣಿಕಟ್ಟಿನ ಆಚೆಗೂ ಹುಡುಕಬೇಕು.

ಕುತ್ತಿಗೆಯ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರೋ ಒಬ್ಬರು ಹೇಳೇ ಹೇಳುತ್ತಾರೆ. ನಲವತ್ತು ದಾಟಿದವರ ಕುತ್ತಿಗೆ ಸ್ಕ್ಯಾನ್ ಮಾಡಿದರೆ ಬಹಳ ಮಂದಿಯಲ್ಲಿ ಸವೆತ ಕಂಡೇ ಕಾಣುತ್ತದೆ, ಯಾವ ತೊಂದರೆ ಇಲ್ಲದವರಲ್ಲೂ. ಒಬ್ಬ ಲಾರಿ ಚಾಲಕರು ನನ್ನ ಹತ್ತಿರ ಬಂದಾಗ ಎರಡು ವರ್ಷದಿಂದ ಕುತ್ತಿಗೆಗೆ ಪಟ್ಟಿ ಹಾಕಿಕೊಂಡಿದ್ದರು. ಜೋಮು ಇದ್ದದ್ದು ಬಲಗೈ ಕಿರುಬೆರಳಿಗೆ. ಗಾಡಿ ಓಡಿಸುವಾಗ ಕೈ ಎಲ್ಲಿಡುತ್ತೀರಿ ಅಂತ ಕೇಳಿದೆ. ಬಲ ಮೊಣಕೈ ಬಾಗಿಲ ಅಂಚಿನ ಮೇಲೆ ಊರಿ ತೋರಿಸಿದರು. ಅಲ್ನಾರ್ ನರ ದಿನಕ್ಕೆ ಎಂಟು ಗಂಟೆ ಅಲ್ಲೇ ಒತ್ತುತ್ತಿತ್ತು. ಅವರ ಕುತ್ತಿಗೆಯಲ್ಲೂ ಸವೆತ ಇತ್ತು ನಿಜ, ಜೋಮಿಗೂ ಅದಕ್ಕೂ ಸಂಬಂಧ ಇರಲಿಲ್ಲ. ಕುತ್ತಿಗೆಯಿಂದ ಬರುವ ಜೋಮಿನಲ್ಲಿ ಸಾಮಾನ್ಯವಾಗಿ ಕತ್ತು ತಿರುಗಿಸಿದರೆ ಭುಜದಿಂದ ಕೆಳಕ್ಕೆ ನೋವು ಸೆಳೆಯುತ್ತದೆ.

ನರದ ಮಾತ್ರೆ, ಇಂಜೆಕ್ಷನ್ ವಿಷಯ. ಇವುಗಳಲ್ಲಿ ಹೆಚ್ಚಾಗಿ ಇರುವುದು ಬಿ12 ವಿಟಮಿನ್. ಬಿ12 ಕಡಿಮೆ ಇದ್ದರೆ ಅದು ಬೇಕೇ ಬೇಕು, ಅದರಲ್ಲೂ ಮಾಂಸ, ಮೊಟ್ಟೆ ತಿನ್ನದವರಲ್ಲಿ ಕೊರತೆ ಸಾಮಾನ್ಯ. ಆದರೆ ಆ ಕೊರತೆಯ ಜೋಮು ಹೆಚ್ಚಾಗಿ ಎರಡು ಪಾದದಿಂದ ಶುರುವಾಗುತ್ತದೆ. ಸುರಂಗದಲ್ಲಿ ಸಿಕ್ಕಿಕೊಂಡ ನರವನ್ನು ಮಾತ್ರೆ ಬಿಡಿಸಲಾರದು. ಇನ್ನೊಂದು ಎಚ್ಚರ. ಈ ಮಾತ್ರೆಗಳಲ್ಲಿ ಹಲವದರಲ್ಲಿ ಬಿ6 ಕೂಡ ಇರುತ್ತದೆ. ಅದನ್ನು ಜಾಸ್ತಿ ಪ್ರಮಾಣದಲ್ಲಿ ತಿಂಗಳುಗಟ್ಟಲೆ ನುಂಗಿದರೆ ಅದೇ ನರಕ್ಕೆ ಕೆಡುಕು ಮಾಡುತ್ತದೆ. ಎಣ್ಣೆ ಹಚ್ಚುವುದಕ್ಕೆ ನನ್ನ ತಕರಾರಿಲ್ಲ, ಮಣಿಕಟ್ಟನ್ನು ಬಲವಾಗಿ ತಿಕ್ಕಿ ಒತ್ತಿಸಬೇಡಿ. ಬಿಸಿ ಶಾಖ ಕೊಡುವಾಗಲೂ, ಹಂಚಿನ ಮೇಲೆ ರೊಟ್ಟಿ ತಿರುವುವಾಗಲೂ ಕಣ್ಣಿಟ್ಟು ಮಾಡಿ. ಜೋಮು ಹಿಡಿದ ಬೆರಳಿಗೆ ಸುಟ್ಟದ್ದು ತಡವಾಗಿ ಗೊತ್ತಾಗುತ್ತದೆ.

ಈಗ ಏನು ಮಾಡಬೇಕು. ಮೊದಲು ಥೈರಾಯ್ಡ್ ಮತ್ತು ಸಕ್ಕರೆ ಪರೀಕ್ಷೆ. ಥೈರಾಯ್ಡ್ ಕಡಿಮೆ ಬಂದರೆ ಮಾತ್ರೆ ಮತ್ತೆ ಶುರು ಮಾಡಿಸಿಕೊಳ್ಳಿ. ಕೆಲವರಲ್ಲಿ ಅದು ಸರಿಹೋದಂತೆ ಕೈಯೂ ಎಷ್ಟೋ ಸುಧಾರಿಸುತ್ತದೆ.

ಅದರ ಜೊತೆಗೇ ರಾತ್ರಿ ಮಣಿಕಟ್ಟಿಗೆ ಸ್ಪ್ಲಿಂಟ್, ಅಂದರೆ ಮಣಿಕಟ್ಟು ಮಡಚದಂತೆ ಹಿಡಿಯುವ ಪಟ್ಟಿ, ಹಾಕಿ ಮಲಗಿ, ಆರು ವಾರ ಬಿಡದೆ. ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಆದರೆ ಅಂಗಡಿಯಲ್ಲಿ ಕೊಡುವುದರ ಒಳಗಿನ ಲೋಹದ ಪಟ್ಟಿ ಹೆಚ್ಚಾಗಿ ಮೇಲಕ್ಕೆ ಬಾಗಿರುತ್ತದೆ. ಅದನ್ನು ಹೊರಗೆ ಎಳೆದು ನೇರ ಮಾಡಿ ಮತ್ತೆ ಸೇರಿಸಿ. ಮಣಿಕಟ್ಟು ನೆಟ್ಟಗಿದ್ದಾಗಲೇ ಸುರಂಗದ ಒತ್ತಡ ತೀರಾ ಕಡಿಮೆ. ಬಿಗಿಯಾಗಿ ಕಟ್ಟಬೇಡಿ, ಬೆರಳು ಆರಾಮಾಗಿ ಮಡಚಲು ಬರಬೇಕು. ಇದರಿಂದ ತೊಂದರೆ ಅಂತ ಏನಿಲ್ಲ, ಮೊದಲ ನಾಲ್ಕು ದಿನ ನಿದ್ದೆಗೆ ಕಿರಿಕಿರಿ ಅಷ್ಟೇ. ರೊಟ್ಟಿ ಕೆಲಸ ಪೂರ್ತಿ ಬಿಡಲು ನಾನು ಹೇಳುವುದಿಲ್ಲ, ಅದು ನಿಮ್ಮ ಅನ್ನ. ನಾದುವ ಕೆಲಸ ಇನ್ನೊಬ್ಬರಿಗೆ ಕೊಡಿ ಅಥವಾ ಒಂದು ಮಷೀನಿಗೆ ಬಿಡಿ. ಬಡಿಯುವುದನ್ನು ಒಂದೇ ಸಲಕ್ಕೆ ಮಾಡದೆ ನಡುನಡುವೆ ಕೈಗೆ ವಿರಾಮ ಕೊಡಿ.

ಮಣಿಕಟ್ಟಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಇನ್ನೊಂದು ದಾರಿ. ಸ್ಟಿರಾಯ್ಡ್ ಅಂದ ತಕ್ಷಣ ಹೆದರಬೇಡಿ, ಒಂದು ಸಣ್ಣ ಡೋಸ್ ಅದು. ಊತ ಇಳಿದು ವಾರಗಳಿಂದ ತಿಂಗಳುಗಳವರೆಗೆ ಆರಾಮ ಸಿಗುತ್ತದೆ. ಬಹಳ ಜನರಿಗೆ ಮತ್ತೆ ಮರಳುತ್ತದೆ. ಸಕ್ಕರೆ ಇದ್ದವರಲ್ಲಿ ಕೆಲ ದಿನ ಏರಬಹುದು, ಚುಚ್ಚಿದ ಜಾಗದ ಚರ್ಮ ಬಿಳಿಯಾಗಬಹುದು. ಅಪರೂಪಕ್ಕೆ ಸೂಜಿ ನರಕ್ಕೇ ತಾಗಬಹುದು. ಅದಕ್ಕಾಗಿ ಈ ಕೆಲಸ ರೂಢಿ ಇರುವವರ ಹತ್ತಿರವೇ ಹಾಕಿಸಿಕೊಳ್ಳಿ. ಚುಚ್ಚುವಾಗ ಬೆರಳಿಗೆ ಕರೆಂಟ್ ಹೊಡೆದ ಹಾಗಾದರೆ ತಕ್ಷಣ ಹೇಳಿ.

ಆಪರೇಶನ್. ನಿಮ್ಮ ದೊಡ್ಡ ಭಯ ಇದು, ಅದಕ್ಕೆ ಬಿಡಿಸಿ ಹೇಳುತ್ತೇನೆ. ನರಕ್ಕೆ ಕತ್ತಿ ಹಾಕುವುದಿಲ್ಲ. ಸುರಂಗದ ಮೇಲಿನ ಆ ಗಟ್ಟಿ ಪಟ್ಟಿಯನ್ನು ಉದ್ದಕ್ಕೆ ಸೀಳುತ್ತೇವೆ. ಹೆಚ್ಚಾಗಿ ಕೈಗೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ನಿಮ್ಮ ಜೊತೆ ಮಾತಾಡುತ್ತಲೇ, ಕಾಲು ಗಂಟೆಯಲ್ಲಿ ಮುಗಿಸುತ್ತೇವೆ. ಪಟ್ಟಿ ಬಿಚ್ಚಿಕೊಂಡಾಗ ಕೆಳಗೆ ನರ ಕಾಣುತ್ತದೆ. ಒತ್ತಿದ ಕಡೆ ಸೊಂಟ ಕಟ್ಟಿದ ಹಾಗೆ ಸಣ್ಣಗಾಗಿರುತ್ತದೆ, ಅದರ ಮೇಲ್ಗಡೆ ಊದಿರುತ್ತದೆ. ಸಪ್ಪೆ ಬಣ್ಣದ ಆ ಜಾಗ ನೋಡನೋಡುತ್ತಿದ್ದಂತೆ ಗುಲಾಬಿಯಾಗುತ್ತದೆ. ಮೇಲೆ ಹೇಳಿದ ಕೂದಲೆಳೆ ನಾಳಗಳಿಗೆ ರಕ್ತ ವಾಪಸ್ ಬಂದ ಗುರುತು ಅದು. ಎಷ್ಟೋ ವರ್ಷದಿಂದ ನೋಡುತ್ತಿದ್ದೇನೆ, ಇವತ್ತಿಗೂ ಆ ಕ್ಷಣ ಮನಸ್ಸಿಗೆ ಹಿತ ಕೊಡುತ್ತದೆ.

ಅಪಾಯವೇ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಗಾಯಕ್ಕೆ ಕೀವಾಗಬಹುದು. ಪಟ್ಟಿ ಪೂರ್ತಿ ಬಿಡಿಸದೆ ಉಳಿದರೆ ತೊಂದರೆ ಮುಂದುವರಿಯುತ್ತದೆ. ಬಹಳ ಅಪರೂಪಕ್ಕೆ ನರದ ಸಣ್ಣ ಕವಲಿಗೆ ಏಟಾಗಬಹುದು. ನಿಮ್ಮ ಮಟ್ಟಿಗೆ ಮುಖ್ಯವಾದದ್ದು ಬೇರೆ. ಅಂಗೈಯ ಬುಡದಲ್ಲಿ, ಗಾಯದ ಎರಡೂ ಬದಿಗೆ, ಊರಿ ಒತ್ತಿದರೆ ನೋವು ಬರುತ್ತದೆ. ಬಹಳ ಜನರಿಗೆ ಎರಡು ಮೂರು ತಿಂಗಳು ಇರುತ್ತದೆ, ಕೆಲವರಿಗೆ ಆರು ತಿಂಗಳು. ಆಫೀಸಿನಲ್ಲಿ ಕೂರುವವರಿಗೆ ಅದು ಗಮನಕ್ಕೇ ಬರುವುದಿಲ್ಲ. ನಿಮಗೆ ಬರುತ್ತದೆ, ಯಾಕೆಂದರೆ ರೊಟ್ಟಿ ಬಡಿಯುವುದು ಸರಿಯಾಗಿ ಅದೇ ಜಾಗದಿಂದ. ಹಿಡಿತದ ಬಲವೂ ಅಷ್ಟು ದಿನ ಸ್ವಲ್ಪ ಕಡಿಮೆ. ಹೊಲಿಗೆ ಬಿಚ್ಚುವುದು 10ರಿಂದ 14 ದಿನಕ್ಕೆ, ಆದರೆ ಹಳೆಯ ಲೆಕ್ಕದ 200 ರೊಟ್ಟಿಗೆ ಮೂರು ತಿಂಗಳಾದರೂ ಕೊಡಿ. ಮದುವೆ ಸೀಸನ್ನಿನ ಆರ್ಡರ್ ಇದ್ದರೆ ತಾರೀಖು ನೋಡಿ ಗೊತ್ತು ಮಾಡಿ.

ಏನು ವಾಸಿಯಾಗುತ್ತದೆ, ಎಷ್ಟು ದಿನಕ್ಕೆ? ರಾತ್ರಿ ಎಚ್ಚರ ಆಗುವುದು ಹೆಚ್ಚಿನವರಿಗೆ ಕೆಲವೇ ದಿನದಲ್ಲಿ ನಿಲ್ಲುತ್ತದೆ. ಬೆರಳ ತುದಿಯ ಮಂಕು ಹೋಗಲು ತಿಂಗಳುಗಳು ಬೇಕು. ನರದ ಒಳಗಿನ ಎಳೆಗಳು ಸತ್ತು ಹೊಸದಾಗಿ ಬೆಳೆಯಬೇಕಾದರೆ ಅವು ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಹೆಬ್ಬೆರಳಿನ ಬುಡದ ಉಬ್ಬು ಕರಗಿದ ಮೇಲೆ ಬಂದವರಿಗೆ ಅದು ಪೂರ್ತಿ ಮರಳುತ್ತದೆ ಅಂತ ನಾನು ಮಾತು ಕೊಡುವುದಿಲ್ಲ. ಒಬ್ಬ ಟೈಲರ್ ಹೆಣ್ಣುಮಗಳು ಹಾಗೆ ಬಂದಿದ್ದರು. ಕತ್ತಿ ಹಾಕಿದರೆ ಕೈ ಬೀಳುತ್ತದೆ ಅಂತ ಯಾರೋ ಹೇಳಿದ್ದಕ್ಕೆ ನಾಲ್ಕು ವರ್ಷ ತಡೆದುಕೊಂಡಿದ್ದರು. ಅಷ್ಟರಲ್ಲಿ ಸೂಜಿ ಹಿಡಿಯಲು ಆಗದಷ್ಟು ಹೆಬ್ಬೆರಳು ಸೋತಿತ್ತು. ಆಪರೇಶನ್ ಆದ ಮೇಲೆ ರಾತ್ರಿ ನಿದ್ದೆ ಬಂತು, ಹೆಬ್ಬೆರಳಿನ ಬಲ ಪೂರ್ತಿ ಬರಲಿಲ್ಲ. ಕೈ ಬೀಳುತ್ತದೆ ಅನ್ನುವ ಮಾತು ಹುಟ್ಟಿದ್ದೇ ಇಂಥವರಿಂದ ಇರಬೇಕು. ಸೋತದ್ದು ತಡ ಮಾಡಿದ್ದರಿಂದ, ಜನ ನೆನಪಿಟ್ಟುಕೊಂಡದ್ದು ಆಪರೇಶನ್.

ನಿಮ್ಮದು ಮಾಡರೇಟ್. ಅಂದರೆ ಆರು ವಾರ ಕಾದು ನೋಡಲು ಸಮಯ ಇದೆ, ಆರು ವರ್ಷ ಇಲ್ಲ. ಎರಡು ಅಂಗೈ ಪಕ್ಕಪಕ್ಕ ಇಟ್ಟು ಹೆಬ್ಬೆರಳಿನ ಬುಡದ ಉಬ್ಬು ವಾರಕ್ಕೊಮ್ಮೆ ನೋಡಿಕೊಳ್ಳಿ. ಒಂದು ಕಡೆ ಚಪ್ಪಟೆ ಆಗಿದೆ ಅನ್ನಿಸಿದರೆ, ಜೋಮು ಹಗಲಿಡೀ ಇದ್ದರೆ, ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸಲು ಕಷ್ಟವಾದರೆ, ಆರು ವಾರ ಕಾಯಬೇಡಿ, ಆಪರೇಶನ್ನಿಗೆ ಒಪ್ಪಿಕೊಳ್ಳಿ. ಬೋಗುಣಿ ಜಾರುವುದು ಹಿಡಿತ ಸೋತದ್ದರಿಂದಲೋ, ಬೆರಳಿಗೆ ಸ್ಪರ್ಶ ತಿಳಿಯದೆಯೋ ಅಂತ ನಿಮ್ಮ ಡಾಕ್ಟರಿಂದ ಒಮ್ಮೆ ಪರೀಕ್ಷೆ ಮಾಡಿಸಿ. ಎರಡೂ ಕೈಗೆ ಒಟ್ಟಿಗೆ ಆಪರೇಶನ್ ಮಾಡಿಸಿಕೊಳ್ಳಬೇಡಿ. ಊಟಕ್ಕೆ, ಸ್ನಾನಕ್ಕೆ ಒಂದು ಕೈ ಬೇಕಲ್ವಾ. ಬಲಗೈ ಮೊದಲು. ಎಡಗೈಗೆ ಅಲ್ಲಿಯವರೆಗೆ ರಾತ್ರಿಯ ಸ್ಪ್ಲಿಂಟ್. ಥೈರಾಯ್ಡ್ ಸರಿಹೋದರೆ ಎಡಗೈಗೆ ಅಷ್ಟೇ ಸಾಕಾಗಲೂಬಹುದು. ಈ ವಾರವೇ ಆ ರಕ್ತಪರೀಕ್ಷೆ ಮಾಡಿಸಿ, ರಿಪೋರ್ಟಿನ ಜೊತೆ ಹಳೆಯ ಥೈರಾಯ್ಡ್ ಚೀಟಿಯನ್ನೂ ಡಾಕ್ಟರಿಗೆ ತೋರಿಸಿ.